ಜಲಪಾತಕ್ಕೆ ಹೋದ ಬಿಂದಿಗೆ

ಬೆಳಿಗ್ಗೆ ಹಿತ್ತಲಿನಿಂದ ಹುಣಸೆಹಣ್ಣಿನ ಹುಳಿ ವಾಸನೆ ಬಂತು. ನನ್ನವಳು ಹಿತ್ತಾಳೆ ಬಿಂದಿಗೆ ಬೆಳಗುತ್ತಿದ್ದಳು. ಪಕ್ಕದಲ್ಲಿ ಕೂತ ಮೊಮ್ಮಗಳು ಅದರ ಹೊಟ್ಟೆಯ ತಗ್ಗು ಮುಟ್ಟಿ, "ಇದು ಹೆಂಗಾಯ್ತು ತಾತ?" ಎಂದಳು. ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವೊಂದಿತ್ತು. ಮೊದಲು ನಿಜವಾಗಿ ನಡೆದದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ಸಾವಿರದ ಒಂಬೈನೂರ ಅರವತ್ತರ ಆಸುಪಾಸು, ನಮಗೆ ಮದುವೆಯಾದ ಹೊಸತು. ನಾನು ಕಲ್ಯಾಣದುರ್ಗದವನು, ಅವಳು ಪರಿಗಿಯ ಕೆರೆ ಪಕ್ಕದ ಮನೆಯವಳು. ಮಾವನವರಿಗೆ ಅಳಿಯನಿಗೊಂದು ಜಲಪಾತ ತೋರಿಸುವ ಹುಮ್ಮಸ್ಸು. ಈಗ ಅಂಥ ಜಾಗವನ್ನು ರಾಷ್ಟ್ರೀಯ ಉದ್ಯಾನ ಅನ್ನುತ್ತಾರೆ; ಆಗ ನಮಗದು ಬರೀ ಕಾಡು. ಹಿಂದೂಪುರದಲ್ಲಿ ರೈಲು ಹತ್ತುವಾಗ ನೋಡುತ್ತೇನೆ, ನಮ್ಮವ್ವನ ಕಂಕುಳಲ್ಲಿ ಬಿಂದಿಗೆ ತುಂಬ ನೀರು!

"ಜಲಪಾತಕ್ಕೆ ನೀರು ಹೊತ್ಕೊಂಡು ಹೋಯ್ತೀಯೇನವ್ವ?"

"ಆ ಸೀಮೆ ನೀರು ಹೆಂಗೈತೋ ಏನೋ ಕಣಪ್ಪ. ಕುಡಿಯಾಕೆ ಮನೆ ನೀರೇ ಇರ್ಲಿ."

ದಾರಿಯುದ್ದಕ್ಕೂ ಅವ್ವನನ್ನು ಆಡಿಕೊಂಡು ನಕ್ಕೆ. ಜಲಪಾತದ ಮುಂದೆ ನಿಂತಾಗ, ಅಷ್ಟೊಂದು ನೀರು ಯಾರೂ ಸೇದದೆ ಸುಮ್ಮನೆ ಬೀಳುವುದನ್ನು ಕಂಡು ಅವ್ವನಿಗೆ ಸಿಟ್ಟೇ ಬಂತು. ಕೆಳಗೆ ಹಸಿರು ಮಡು. "ಅಲ್ಲುಡುಗಾರೂ, ಈಜು ಬತ್ತೈತಾ?" ಎಂದು ತೆಲುಗು ಬೆರೆಸಿ ಅಳಿಯನಾದ ನನ್ನನ್ನು ಕೇಳಿದರು ಮಾವ. ಕೇಳಬೇಕೇ! ನಮ್ಮೂರ ಬಾವಿಗಳನ್ನೆಲ್ಲ ಕಲಕಿದ್ದವನು ನಾನು. ಪಂಚೆ ಎತ್ತಿ ಕಟ್ಟಿ ಧುಮುಕಿದೆ.

ಬಾವಿ ಈಜಿನ ಗುಟ್ಟು ನಿಮಗೆ ಗೊತ್ತಿರಲಿ. ನಾಲ್ಕು ಸಲ ಕೈ ಬಡಿದರೆ ಗೋಡೆ ಸಿಗುತ್ತದೆ. ಐದನೆಯ ಸಲ ನಾನು ಬಡಿದವನೇ ಅಲ್ಲ. ಮಡುವಿನಲ್ಲಿ ಕೈ ಚಾಚಿದೆ, ಗೋಡೆ ಇಲ್ಲ. ಅತ್ತ ತಿರುಗಿದೆ, ಅಲ್ಲೂ ಇಲ್ಲ. ಎರಡು ಗುಟುಕು ನೀರು ಕುಡಿದೆ. ಸತ್ತೆ ಅಂದುಕೊಂಡೆ.

ದಡದಲ್ಲಿ ನನ್ನವಳು ಬಿಂದಿಗೆ ಬಗ್ಗಿಸಿ ನೀರೆಲ್ಲ ಚೆಲ್ಲಿದಳು. "ಅಯ್ಯೋ, ಮನೆ ನೀರು ಕಣಮ್ಮ!" ಎಂದು ಅವ್ವ ಕೂಗುವಷ್ಟರಲ್ಲಿ, ಹೊಸ ಸೀರೆಗೆ ಕಚ್ಚೆ ಹಾಕಿ, ಖಾಲಿ ಬಿಂದಿಗೆ ಬೋರಲು ಹಿಡಿದು, ಪರಿಗಿ ಕೆರೆಯಲ್ಲಿ ಬಿಂದಿಗೆ ತಬ್ಬಿ ಈಜುವ ಹೆಣ್ಣುಮಕ್ಕಳ ಹಾಗೆ ಅವಳು ನೀರಿಗಿಳಿದಾಗಿತ್ತು.

"ಇಲ್ಲಿ ಗ್ವಾಡೆ ಇಲ್ಲ, ಇದನ್ನ ತಬ್ಕಳ್ರಿ!"

ತಬ್ಬಿದೆ. ದಡಕ್ಕೆ ಎಳೆದು ತಂದಳು. ಬಂಡೆಗೆ ತಾಗಿ ಬಿಂದಿಗೆಯ ಹೊಟ್ಟೆಗೆ ತಗ್ಗು ಬಿತ್ತು.

ಊರಿಗೆ ಬಂದ ಮೇಲೆ ನಾನು ಹೇಳಿದ್ದೇ ಬೇರೆ: ಬಿಂದಿಗೆ ನೀರಿಗೆ ಜಾರಿತು, ಈಜಿ ತಂದವನು ನಾನು. ಮಕ್ಕಳೂ ಅದನ್ನೇ ನಂಬಿ ಬೆಳೆದರು. ಅವಳು ಒಂದು ದಿನವೂ ಎದುರಾಡಲಿಲ್ಲ.

ಇವತ್ತೂ ಅದೇ ಉತ್ತರ ನಾಲಿಗೆ ತುದಿಗೆ ಬಂತು. ಅವಳು ತಲೆಯೆತ್ತದೆ ಉಜ್ಜುತ್ತಲೇ ಇದ್ದಳು. ಯಾಕೋ ನಾಚಿಕೆಯಾಯಿತು.

"ನಾನು ಮುಳುಗ್ತಿದ್ದೆ ಕಣಮ್ಮ. ನಿಮ್ಮಜ್ಜಿ ಈಜ್ಕೊಂಡು ಬಂದು ನನ್ನ ಉಳಿಸಿದ್ಲು" ಎಂದೆ.

"ಅಜ್ಜಿ, ನಿಂಗೆ ಈಜು ಬತ್ತೈತಾ?" ಮೊಮ್ಮಗಳು ಕಣ್ಣರಳಿಸಿದಳು.

ಅವಳು ಕೈ ಒರೆಸಿಕೊಂಡು ನನ್ನ ಕಡೆ ನೋಡಿ ನಕ್ಕಳು. "ದಡ ಸೇರಿದ್ ಮ್ಯಾಲೂ ಬಿಂದಿಗೆ ಬಿಡ್ಲಿಲ್ಲ ನಿಮ್ ತಾತ. ಇವತ್ತು ಬಿಟ್ರು ನೋಡು."