ಡ್ರೈವರ್ ತೊಕುಜಿಯ ಧ್ಯಾನದ ವೇಳಾಪಟ್ಟಿ

ಮಿಯಾಟಾ ತೊಕುಜಿಗೆ ಯಾವ ಕೆಲಸಕ್ಕಾದರೂ ಒಂದು ಹೊತ್ತು ಇರಬೇಕು, ಆ ಹೊತ್ತಿಗೆ ಸೆಕೆಂಡಿನ ಲೆಕ್ಕವೂ ಇರಬೇಕು. ಎಚಿಜೆನ್ ಕರಾವಳಿಯ ಒಂದೇ ಬೋಗಿಯ ರೈಲನ್ನು ಮೂವತ್ತೆಂಟು ವರ್ಷ ಓಡಿಸಿದವನ ಬುದ್ಧಿ ಇನ್ನು ಹೇಗಿರಬೇಕು? ಮನೆಯಲ್ಲಿ ಒಲೆ ಆರಿಸಿದರೂ, ಗಾಡಿಯಲ್ಲಿ ಸಿಗ್ನಲ್ ಕಂಡಾಗ ಡ್ರೈವರುಗಳು ಮಾಡುವ ಹಾಗೆ, ಬೆರಳು ಚಾಚಿ “ಗ್ಯಾಸ್, ಬಂದ್!” ಎಂದು ಕೂಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿ ಸುಮಿಯೆ ಬೆಚ್ಚಿಬೀಳುತ್ತಿದ್ದಳು. ಈಗ “ಸಿಗ್ನಲ್ ಸಿಕ್ತಲ್ಲ, ಊಟಕ್ಕೆ ಬನ್ರೀ” ಎನ್ನುತ್ತಾಳೆ. ಇಂಥ ಮನುಷ್ಯನಿಗೆ ನಿದ್ದೆಯೊಂದೇ ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟುಬಿಟ್ಟಿತು.

ಚಳಿಗಾಲದಲ್ಲೇ ನಿದ್ದೆ ತೆಳ್ಳಗಾಗಿತ್ತು. ಏಪ್ರಿಲ್‌ನ ಒಂದು ಬೆಳಿಗ್ಗೆ, ಮಿತ್ಸುಹಾಮಾ ನಿಲ್ದಾಣದಲ್ಲಿ ಅವನ ಗಾಡಿ ನಿಲ್ಲಬೇಕಾದ ಗುರುತಿಗಿಂತ ಎರಡು ಮೀಟರ್ ಮುಂದೆ ಹೋಗಿ ನಿಂತಿತು. ಶಾಲೆಯ ಮಕ್ಕಳು ಎರಡು ಹೆಜ್ಜೆ ಹೆಚ್ಚಿಗೆ ನಡೆದು ಹತ್ತಿದರು, ಅಷ್ಟೇ. ಬೇರೆ ಎಲ್ಲಾದರೂ ಆಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಲ್ಲಿ ವರದಿ ಬರೆದು ಕೊಡಬೇಕು. “ಮಳೆಗೆ ಹಳಿ ಜಾರುತ್ತಿತ್ತು” ಎಂದು ಬರೆದುಕೊಟ್ಟ. ಮಳೆ ಬಂದದ್ದು ನಿಜ. ಹಳಿ ಜಾರಿತೇ ಇಲ್ಲವೇ ಎಂಬುದು ಮಾತ್ರ ಅವನಿಗೆ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಬ್ರೇಕಿಗೆ ಕೈ ಹಾಕಿದ್ದು ನೆನಪಿದೆ, ನಿಂತದ್ದು ನೆನಪಿದೆ, ನಡುವಿನದು ಇಲ್ಲ. ಅಂದಿನಿಂದ ಅವನು ಮಲಗಿದರೆ ಹಾಸಿಗೆಯೇ ಚುಚ್ಚತೊಡಗಿತು. ಬಲಕ್ಕೆ ಹೊರಳಿದರೆ ಎಡಕ್ಕೆ ಮಲಗಬೇಕಿತ್ತು ಅನ್ನಿಸುವುದು, ಎಡಕ್ಕೆ ಹೊರಳಿದರೆ ಎದ್ದುಬಿಡಬೇಕು ಅನ್ನಿಸುವುದು.

ಅಕ್ಟೋಬರ್‌ಗೆ ನಿವೃತ್ತಿ. ಆ ಲೈನಿನಲ್ಲಿ ಡ್ರೈವರಿನ ಕೊನೆಯ ಓಟ ಎಂದರೆ ಒಂದು ಸಣ್ಣ ಹಬ್ಬ. ಮನೆಯವರು ಹಿಂದಿನ ಸೀಟಿನಲ್ಲಿ ಕೂತು ಬರುತ್ತಾರೆ, ಕೊನೆಯ ನಿಲ್ದಾಣದಲ್ಲಿ ಜೊತೆಗಾರರು ಹೂಗುಚ್ಛ ಹಿಡಿದು ನಿಂತಿರುತ್ತಾರೆ, ಗಟ್ಟಿ ಎದೆಯವರೂ ಅಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ತೊಕುಜಿಗೆ ಜೀವನದಲ್ಲಿ ಬೇರೆ ಆಸೆ ಇರಲಿಲ್ಲ, ಆ ಓಟವೊಂದು ಬೇಕಿತ್ತು. ಆದರೆ ಪ್ರತಿ ಪಾಳಿಗೂ ಮುಂಚೆ ಡಿಪೋದ ಮೇಜಿನ ಮುಂದೆ ಟೋಪಿ ಹಾಕಿಕೊಂಡು ನೆಟ್ಟಗೆ ನಿಲ್ಲಬೇಕು. ಯಂತ್ರಕ್ಕೆ ಊದಿ ಕುಡಿದಿಲ್ಲ ಎಂದು ತೋರಿಸಬೇಕು, ಗಡಿಯಾರ ಸರಿಹೊಂದಿಸಿಕೊಳ್ಳಬೇಕು, ಮೇಲ್ವಿಚಾರಕ ಹಟಾನಾಕ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕು.

“ನಿದ್ದೆ?”

“ಚೆನ್ನಾಗಿ ಆಗಿದೆ.”

ಈ ಎರಡು ಪದವನ್ನು ತೊಕುಜಿ ಮೂವತ್ತೆಂಟು ವರ್ಷ ಹೇಳಿದ್ದ, ಆಗ ಅದು ನಿಜವಾಗಿತ್ತು. ಏಪ್ರಿಲ್‌ನಿಂದ ಅದು ಸುಳ್ಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಕಿವಿ ಕೆಂಪಾಗುತ್ತದೆ. ಪುಣ್ಯಕ್ಕೆ ಟೋಪಿ ಸ್ವಲ್ಪ ದೊಡ್ಡದಿತ್ತು.

ಮಾತ್ರೆ ನುಂಗುವ ಹಾಗಿಲ್ಲ, ನಿದ್ದೆ ಮಾತ್ರೆ ತೆಗೆದುಕೊಂಡವರ ಕೈಗೆ ಗಾಡಿ ಕೊಡುವುದಿಲ್ಲ. ಉಳಿದದ್ದು ಧ್ಯಾನ. ಕ್ಷೌರದಂಗಡಿಯವನು “ಸಾಯಂಕಾಲ ಊಟಕ್ಕೆ ಮುಂಚೆ ಕೂತ್ಕೊಳ್ಳಿ, ಹೊಟ್ಟೆ ಖಾಲಿ ಇದ್ರೆ ತಲೆನೂ ಖಾಲಿ” ಎಂದ. ಇನ್ನೊಬ್ಬ ಡ್ರೈವರು “ಮಲಗೋ ಮುಂಚೆನೇ ಸರಿ” ಎಂದ. ಮೀನು ಮಾರುವವಳಂತೂ “ಬೆಳಗಿನ ಜಾವ ಬಿಟ್ರೆ ಬೇರೆ ಯಾವಾಗ ಕೂತ್ರೂ ದಂಡ” ಎಂದು ಬಂಗಡೆ ಮೀನಿನ ತಲೆ ಕತ್ತರಿಸಿದಳು. ಕೇಳಿದವರೆಲ್ಲ ಪಂಡಿತರೇ. ತೊಕುಜಿ ಎಲ್ಲರ ಮಾತನ್ನೂ ತಂದು, ರೈಲಿನ ವೇಳಾಪಟ್ಟಿಯ ಹಾಗೆಯೇ ಗೆರೆ ಹೊಡೆದು, ಪೆನ್ಸಿಲಿನಲ್ಲಿ ಒಂದು ಪಟ್ಟಿ ಮಾಡಿದ. ಒಂದು ವಾರ ಬೆಳಿಗ್ಗೆ 3:50:00ರಿಂದ. ಒಂದು ವಾರ ಸಂಜೆ ಸ್ನಾನವಾದ ಮೇಲೆ 6:20:00ರಿಂದ. ಒಂದು ವಾರ ಮಲಗುವ ಮುಂಚೆ 8:15:00ರಿಂದ. ಕೊನೆಯ ಕಾಲಮ್ಮಿನಲ್ಲಿ ಆ ದಿನ ಸಿಕ್ಕಿದ ನಿದ್ದೆ.

ಬೆಳಿಗ್ಗೆ ಕೂತರೆ ತಲೆ ಚುರುಕಾಗಿ, ಮಾಡಬೇಕಾದ ಕೆಲಸಗಳೆಲ್ಲ ಸಾಲು ಹಿಡಿದು ನಿಂತವು. ಸಂಜೆ ಕೂತರೆ ಅಡುಗೆಮನೆಯಿಂದ ಮಿಸೊ ಸಾರಿನ ವಾಸನೆ ಬಂದು ಹೊಟ್ಟೆ ಗುಡುಗಿತು. ಮಲಗುವ ಮುಂಚೆ ಕೂತ ವಾರ ಎಲ್ಲಕ್ಕಿಂತ ಕೆಟ್ಟದ್ದು. ಇಪ್ಪತ್ತು ನಿಮಿಷ ಆಯಿತೇ, ಇನ್ನು ನಿದ್ದೆ ಬರಬೇಕಲ್ಲವೇ, ಬಂತೇ, ಯಾಕೆ ಬರಲಿಲ್ಲ ಎಂದು, ತಡವಾದ ಗಾಡಿಗೆ ಕಾಯುವವನ ಹಾಗೆ ಕತ್ತು ಉದ್ದ ಮಾಡಿ ಕಾದ.

“ಧ್ಯಾನ ಮಾಡ್ತಿದ್ದೀರೋ ಅದರ ಮೇಲೆ ಕೇಸ್ ಹಾಕ್ತಿದ್ದೀರೋ?” ಎಂದಳು ಸುಮಿಯೆ. “ಹಲ್ಲು ಕಚ್ಚಿಕೊಂಡು ಕೂತ್ರೆ ಯಾವ ಬುದ್ಧ ತಾನೇ ಹತ್ರ ಬರ್ತಾನೆ?”

“ಹೊತ್ತು ಸರಿ ಸಿಕ್ಕಿಲ್ಲ, ಅಷ್ಟೇ. ಸಿಕ್ರೆ ಎಲ್ಲ ಸರಿಹೋಗುತ್ತೆ.”

ಕೊನೆಗೆ ಗುಡ್ಡದ ಮೇಲಿನ ಸಣ್ಣ ಝೆನ್ ಗುಡಿಗೆ ಹೋದ. ಅಲ್ಲಿಯ ಸನ್ಯಾಸಿನಿ ಮ್ಯೋಶುನ್ ಅವರಿಗೆ ಎಪ್ಪತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ತೊಕುಜಿ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟ. ಅವರು ಕನ್ನಡಕ ಏರಿಸಿ ನೋಡಿದರು.

“ಇದರಲ್ಲಿ ಊಟ, ಕಕ್ಕಸು ಬರೆದಿಲ್ವಲ್ಲಪ್ಪ?”

“ಅಮ್ಮ, ನಿದ್ದೆಗೆ ಯಾವ ಹೊತ್ತು ಒಳ್ಳೇದು, ಅದೊಂದು ಹೇಳಿಬಿಡಿ.”

“ಬೆಳಿಗ್ಗೆ ಐದಕ್ಕೆ ಬಾ.”

“ಐದೇ ಯಾಕೆ?”

“ಆರಕ್ಕೆ ನಾನು ತರಕಾರಿ ಮಡಿಗೆ ನೀರು ಬಿಡಬೇಕು, ಅದಕ್ಕೆ.”

ಉತ್ತರ ಕೇಳಿ ತೊಕುಜಿಗೆ ಮೈ ಉರಿಯಿತು. ಆದರೂ ಪಟ್ಟಿಯಲ್ಲಿ 5:00:00 ಎಂದು ಬರೆದುಕೊಂಡ.

ಜೂನ್ ತಿಂಗಳಿಡೀ, ಪಾಳಿ ತಡವಾಗಿದ್ದ ದಿನಗಳಲ್ಲಿ ಗುಡ್ಡ ಹತ್ತಿದ. ಕೂರುವವರು ಮೂವರೇ, ಅವನು, ಮ್ಯೋಶುನ್, ತೋಫು ಅಂಗಡಿಯ ಇಕುಯೊ ಅಜ್ಜಿ. ಗೋಡೆಗೆ ಮುಖ ಮಾಡಿ, ಕಣ್ಣು ಅರ್ಧ ತೆರೆದು ಕೂರಬೇಕು. ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಬೇಕು, ಮತ್ತೆ ಒಂದರಿಂದ ಶುರು. ಒಂದು ಊದುಬತ್ತಿ ಉರಿದು ಮುಗಿದರೆ ಒಂದು ಸಲದ ಕೂರುವಿಕೆ, ಹೆಚ್ಚುಕಡಿಮೆ ನಲವತ್ತು ನಿಮಿಷ. ಎಣಿಕೆ ತಪ್ಪಿದರೆ ಒಂದಕ್ಕೆ ವಾಪಸ್ಸು ಎಂದು ಮ್ಯೋಶುನ್ ಹೇಳಿದ್ದರು. ತೊಕುಜಿಯ ಎಣಿಕೆ ಒಂದು ಸಲವೂ ತಪ್ಪಿರಲಿಲ್ಲ, ಅದೊಂದು ಹೆಮ್ಮೆ ಅವನಿಗೆ. ನಿದ್ದೆ ಮಾತ್ರ ಇದ್ದಲ್ಲೇ ಇತ್ತು, ಇಡೀ ರಾತ್ರಿಗೆ ಎರಡು ಗಂಟೆ, ಕೆಲವು ದಿನ ಅದೂ ಇಲ್ಲ.

ಜುಲೈ ಎರಡನೆಯ ವಾರ. ಎಂಟು ಗಂಟೆಗೆ ಡಿಪೋದಲ್ಲಿ ಹಾಜರಾಗಬೇಕಿತ್ತು. ಅಂದು ಬೆಳಿಗ್ಗೆ ಕೂತ. ಒಂದು, ಎರಡು, ಮೂರು. ಗೋಡೆಯ ಮೇಲೆ ಕಂದು ಕಲೆಯೊಂದು ಕಾಣುತ್ತಿತ್ತು. ನಾಲ್ಕು. ಐದು.

ಗಂಟೆ ಬಾರಿಸಿತು. ಕೂರುವುದು ಮುಗಿದ ಗಂಟೆ. ತೊಕುಜಿಗೆ ಸಿಟ್ಟು ಬಂತು. ಈಗಷ್ಟೇ ಶುರುವಾಗಿದೆ, ಇಷ್ಟು ಬೇಗ ಹೇಗೆ ಬಾರಿಸುತ್ತಾರೆ? ತಿರುಗಿ ನೋಡಿದ. ಊದುಬತ್ತಿ ಪೂರ್ತಿ ಬೂದಿಯಾಗಿತ್ತು. ಇಕುಯೊ ಅಜ್ಜಿ ಮೊಣಕಾಲು ಉಜ್ಜಿಕೊಳ್ಳುತ್ತ ನಗುತ್ತಿದ್ದಳು.

“ಏನು ಗೊರಕೆ ಹೊಡೆದ್ರಿ ಮಿಯಾಟಾ ಅವ್ರೇ! ಗರಗಸ ಆಡಿಸಿದ ಹಾಗೆ.”

“ನಾನಾ? ನಿದ್ದೆನೇ ಮಾಡಿಲ್ಲ. ಎಣಿಸ್ತಿದ್ದೆ. ನಾಲ್ಕು ಆಯ್ತು, ಐದು ಆಯ್ತು.”

“ಕಣ್ಣು ತೆರೆದೇ ಇತ್ತು ಬಿಡಿ, ಅದು ನಿಜ. ಇಣುಕಿ ನೋಡಿ ನನಗೇ ಹೆದರಿಕೆ ಆಯ್ತು.”

ಅವನು ಮ್ಯೋಶುನ್ ಕಡೆ ನೋಡಿದ. ಅವರು ಯಾವಾಗಲೂ ಕುಟುಕುವವರು, ಇವತ್ತು ಕುಟುಕಲಿಲ್ಲ. “ಅರ್ಧ ಗಂಟೆ ಮೇಲಾಯ್ತಪ್ಪ. ತೂಕಡಿಸೋರನ್ನ ಎಬ್ಬಿಸೋ ಕೋಲಿಂದ ತಟ್ಟೋಣ ಅಂತ ಬಂದೆ. ಪಾಪ, ಸುಸ್ತಾಗಿದ್ದಾನೆ ಅಂತ ಬಿಟ್ಟೆ.”

ನಾಲ್ಕಕ್ಕೂ ಐದಕ್ಕೂ ನಡುವೆ ಅರ್ಧ ಗಂಟೆ. ಕಣ್ಣು ತೆರೆದಿತ್ತು, ಎಣಿಕೆ ಸರಿಯಾಗಿತ್ತು, ತಾನು ಎಚ್ಚರವಿದ್ದೇನೆ ಎಂದು ಆಣೆ ಮಾಡಿ ಹೇಳಲು ಸಿದ್ಧನಿದ್ದ. ಅರ್ಧ ಗಂಟೆಯಲ್ಲಿ ಅವನ ಗಾಡಿ ಹನ್ನೊಂದು ನಿಲ್ದಾಣ, ಹದಿನಾಲ್ಕು ರಸ್ತೆ ಕ್ರಾಸಿಂಗು ದಾಟುತ್ತದೆ. ಏಪ್ರಿಲ್‌ನಲ್ಲಿ ಹಳಿ ಜಾರಿರಲಿಲ್ಲ. ಅದು ಅವನಿಗೆ ಈಗ ಅನುಮಾನಕ್ಕೆ ಎಡೆಯಿಲ್ಲದಂತೆ ಗೊತ್ತಾಯಿತು. ಆ ಎರಡು ಮೀಟರ್ ಇನ್ನೂರು ಮೀಟರ್ ಆಗಿದ್ದಿದ್ದರೆ ಎಂದುಕೊಂಡ ಕೂಡಲೇ ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆದರಿಕೆ ಎಂದರೆ ಏನೆಂದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ಆದರೂ ಗುಡ್ಡ ಇಳಿಯುವಾಗ ಮನಸ್ಸು ಸುಮ್ಮನಿರಲಿಲ್ಲ. ಇವತ್ತೊಂದು ದಿನ ಓಡಿಸಿಬಿಡು, ಈಗ ಅರ್ಧ ಗಂಟೆ ನಿದ್ದೆ ಆಗಿದೆಯಲ್ಲ ಎಂದಿತು. ಮೂರೇ ತಿಂಗಳು, ಆಮೇಲೆ ಹೂಗುಚ್ಛ ಎಂದಿತು. ಮನುಷ್ಯನ ಮನಸ್ಸಿನಂಥ ಒಳ್ಳೆಯ ವಕೀಲ ಇನ್ನೊಬ್ಬನಿಲ್ಲ. ಡಿಪೋ ಮುಟ್ಟುವವರೆಗೂ ಅದು ವಾದ ಮಾಡುತ್ತಲೇ ಇತ್ತು. ತೊಕುಜಿ ಟೋಪಿ ಹಾಕಿದ, ಬಿಳಿ ಕೈಗವಸು ತೊಟ್ಟ, ಯಂತ್ರಕ್ಕೆ ಊದಿದ, ಗಡಿಯಾರ ಸರಿಹೊಂದಿಸಿದ.

“ನಿದ್ದೆ?” ಹಟಾನಾಕ ಪೆನ್ನು ಆಗಲೇ ಕಾಗದದ ಮೇಲಿಟ್ಟಿದ್ದ.

“ಆಗಿಲ್ಲ.”

ಹಟಾನಾಕ ತಲೆ ಎತ್ತಿದ. ತೊಕುಜಿಗಿಂತ ಹದಿನೈದು ವರ್ಷ ಚಿಕ್ಕವನು, ಅವನ ಕೈಕೆಳಗೇ ಗಾಡಿ ಕಲಿತವನು. “ಸ್ವಲ್ಪ ಕಡಿಮೆ ಆಗಿದೆ ಅಂತ ಬರೀಲಾ?” ಎಂದು ಮೆಲ್ಲಗೆ ಕೇಳಿದ.

“ಬೇಡ. ಏಪ್ರಿಲ್‌ನಿಂದ ಆಗಿಲ್ಲ. ಮಿತ್ಸುಹಾಮಾದಲ್ಲಿ ಮಳೆದೇನೂ ತಪ್ಪಿಲ್ಲ, ನಾನು ನಿದ್ದೆ ಹೋಗಿದ್ದೆ. ಅದನ್ನೂ ಬರಿ.”

“ಇದನ್ನ ಬರೆದ್ರೆ ಮತ್ತೆ ಗಾಡಿ ಸಿಗಲ್ಲ ಗುರುಗಳೇ. ಅಕ್ಟೋಬರ್‌ದೂ ಇರಲ್ಲ.”

“ಗೊತ್ತು. ಬರಿಯಪ್ಪ.”

ಹಟಾನಾಕ ಬರೆದ. ಬರೆದಾದ ಮೇಲೆ ಎದ್ದು ನಿಂತು, ಸೊಂಟ ಬಗ್ಗಿಸಿ ತುಂಬ ಹೊತ್ತು ನಮಸ್ಕರಿಸಿದ. ಆಮೇಲೆ ಬದಲಿ ಡ್ರೈವರಿಗೆ ಫೋನ್ ಮಾಡಿದ. ತೊಕುಜಿಯ ಗಾಡಿ ಆ ದಿನ ನಾಲ್ಕು ನಿಮಿಷ ತಡವಾಗಿ ಹೊರಟಿತು. ಅವನು ಕಾಗದಗಳಿಗೆ ರುಜು ಹಾಕಿ, ಚಾವಿ ಒಪ್ಪಿಸಿ, ಮನೆಗೆ ನಡೆದುಕೊಂಡು ಬಂದ. ದಾರಿಯುದ್ದಕ್ಕೂ ಅತ್ತನೆಂದು ಹೇಳಲು ನನಗೆ ಸಂಕೋಚವಿಲ್ಲ. ಬೆವರು ಒರೆಸುವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಸುಮಿಯೆ ಅಡುಗೆಮನೆಯಲ್ಲಿ ಬದನೆಕಾಯಿಗೆ ಉಪ್ಪು ಸವರುತ್ತಿದ್ದಳು. ಗಂಡ ಹತ್ತೂಮುಕ್ಕಾಲಿಗೆ ಬಾಗಿಲಲ್ಲಿ ನಿಂತದ್ದನ್ನು ಕಂಡು ಕೈ ನಿಲ್ಲಿಸಿದಳು. ಅವನು ನಿಂತಲ್ಲೇ ಎಲ್ಲ ಹೇಳಿದ. ಗುಡಿ, ಊದುಬತ್ತಿ, ಏಪ್ರಿಲ್, ಎಲ್ಲ. ಬೈಯುತ್ತಾಳೆ ಎಂದು ಕಾದ, ಇಲ್ಲವೇ ಅಳುತ್ತಾಳೆ.

“ಹಾಗಾದ್ರೆ ನಾಳೆ ಓಡಿಸಲ್ವಾ?” ಎಂದಳು.

“ಇಲ್ಲ.”

“ನಾಡಿದ್ದು?”

“ಇನ್ನು ಯಾವತ್ತೂ ಇಲ್ಲ. ಟಿಕೆಟ್ ಕಿಟಕಿಯಲ್ಲಿ ಕೂರಿಸ್ತಾರೆ. ಕೊನೇ ಓಟಕ್ಕೆ ನಿನ್ನ ಕೂರಿಸಿಕೊಂಡು ಹೋಗೋಣ ಅಂತಿದ್ದೆ, ಅದೂ ಇಲ್ಲ.”

ಸುಮಿಯೆ ಕೈ ತೊಳೆದು, ಏಪ್ರನ್ ಬಿಚ್ಚಿ ಮಡಚಿಟ್ಟಳು. “ರೀ, ನೀವು ನಿದ್ದೆ ಮಾಡ್ತಿಲ್ಲ ಅಂತ ನನಗೆ ಗೊತ್ತಿಲ್ದೆ ಇರುತ್ತಾ? ಪಕ್ಕದಲ್ಲೇ ಮಲಗೋಳಲ್ವಾ? ಏಪ್ರಿಲ್‌ನಿಂದ ನಾನೂ ಕಣ್ಣು ಮುಚ್ಚಿಲ್ಲ. ರಾತ್ರಿಯೆಲ್ಲ ನಿಮ್ಮ ಉಸಿರು ಕೇಳ್ತೀನಿ. ಹಗಲು ಹಿತ್ತಿಲಾಚೆ ರೈಲು ಕ್ರಾಸಿಂಗಿನ ಗಂಟೆ ಕೇಳ್ತೀನಿ. ನಿಮ್ಮ ಗಾಡಿ ಹೊತ್ತಿಗೆ ಅದು ಬಾರಿಸೋವರೆಗೂ ಜೀವ ಕೈಯಲ್ಲಿ ಹಿಡ್ಕೊಂಡಿರ್ತೀನಿ.”

“ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಬಿಡ್ತಿದ್ರಾ?”

ಕೂರುವ ದಿಂಬೊಂದನ್ನು ಎರಡಾಗಿ ಮಡಿಸಿ ತಲೆಯಡಿ ಇಟ್ಟುಕೊಂಡು ಸುಮಿಯೆ ಅಲ್ಲೇ ಚಾಪೆಯ ಮೇಲೆ ಅಡ್ಡಾದಳು. ಹಾಡುಹಗಲು, ಉಪ್ಪು ಸವರಿದ ಬದನೆಕಾಯಿ ಹಾಗೇ ಬಿದ್ದಿತ್ತು, ಊಟಕ್ಕೆ ಏನೂ ಆಗಿರಲಿಲ್ಲ. ತೊಕುಜಿ ಇನ್ನೂ ಏನೋ ಹೇಳಹೊರಟಿದ್ದ, ಅಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಅವನು ಪಕ್ಕದಲ್ಲಿ ಕೂತ. ಹಿತ್ತಿಲಾಚೆ ಗಂಟೆ ಬಾರಿಸತೊಡಗಿತು, ಅವನು ಓಡಿಸಬೇಕಿದ್ದ ಗಾಡಿ ಕಿಟಕಿ ಗಾಜನ್ನು ಅದುರಿಸುತ್ತ ಹಾದುಹೋಯಿತು. ಸುಮಿಯೆ ಮಗ್ಗುಲು ಕೂಡ ಬದಲಿಸಲಿಲ್ಲ.