ಆಚೆ ದಂಡೆ ಕಾಣದ ನೀರು

ನಾನು ಕಾರವಾರಕ್ಕೆ ಹೋದದ್ದು ನೌಕರಿಗೆ. ರಾಯಚೂರಿನಲ್ಲಿ ನರ್ಸಿಂಗ್ ತರಬೇತಿ ಮುಗಿಸಿದ್ದೆ. ಎಪ್ಪತ್ತರ ದಶಕ ಕೊನೆಯಾಗುತ್ತಿದ್ದ ಕಾಲ. ನೇಮಕವಾದದ್ದು ಅಲ್ಲಿಗೆ ಎಂದು ತಿಳಿದಾಗ ನಮ್ಮವ್ವ, "ಅದು ಎಲ್ಲಿ ಬರ್ತದ?" ಎಂದಳು. ನನಗೂ ಸರಿಯಾಗಿ ಗೊತ್ತಿರಲಿಲ್ಲ. "ಹುಬ್ಬಳ್ಳಿ ದಾಟಿ ಹೋಗಬೇಕಂತ. ಸಮುದ್ರದ ದಂಡಿಗಿ ಅದ" ಎಂದೆ. ಅವ್ವ ಹಾಸಿಗೆಗೆಂದು ಒಂದು ಕೌದಿ ತೆಗೆದು ಕಟ್ಟಿಟ್ಟಳು.

ನಮ್ಮೂರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ. ತುಂಗಭದ್ರೆಯ ದಂಡೆ. ಅವ್ವ ಮಂದಿಯ ಹೊಲದಲ್ಲಿ ಕೂಲಿ ಮಾಡುತ್ತಿದ್ದಳು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ನಮ್ಮ ಓಣಿಯಲ್ಲಿ ಸರಕಾರಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು ನಾನೇ ಆದ್ದರಿಂದ ದೂರವಾಯಿತೆಂದು ಬಿಡುವ ಮಾತೇ ಹುಟ್ಟಲಿಲ್ಲ.

ಕಾರವಾರದಲ್ಲಿ ಒಬ್ಬ ವಿಧವೆಯ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಆಕೆ ಮನೆಯಲ್ಲಿ ಕೊಂಕಣಿ ಮಾತಾಡುವವಳು; ಕನ್ನಡ ಬರುತ್ತಿತ್ತು, ಆದರೆ ನನ್ನ ಕನ್ನಡ ಆಕೆಗೆ ತಿಳಿಯುತ್ತಿರಲಿಲ್ಲ. ನಾನು ಏನಾದರೂ ಹೇಳಿದರೆ ತಲೆ ಓರೆ ಮಾಡಿ, "ಮತ್ತೊಂದ್ಸಲ ಹೇಳು" ಎನ್ನುತ್ತಿದ್ದಳು. ಎರಡನೆಯ ಸಲ ಹೇಳುವಾಗ ಮಾತು ಸಣ್ಣದಾಗುತ್ತಿತ್ತು. ಕ್ರಮೇಣ ಹೇಳುವುದನ್ನೇ ಬಿಟ್ಟೆ. ಆಸ್ಪತ್ರೆಯಲ್ಲೂ ಅದೇ ಪಾಡು. ಜೊತೆಯ ನರ್ಸುಗಳು ಒಳ್ಳೆಯವರೇ. ನಾನು "ಯಾಕ್ರಿ" ಎಂದರೆ ನಗುತ್ತಿದ್ದರು, ಕೆಟ್ಟ ನಗುವಲ್ಲ, ಆದರೂ ನಗು. ದಿನವೆಲ್ಲ ಮಂದಿಯ ನಡುವೆ ಇದ್ದು, ಮನೆಗೆ ಬಂದು ನೋಡಿದರೆ ನಾನು ಆಡಿದ್ದು ಜ್ವರ ಎಷ್ಟು, ಗುಳಿಗೆ ತಗೊಂಡಿರಾ ಎಂಬಷ್ಟೇ ಮಾತು.

ಮಾಘ ಕಳೆದು ಫಾಲ್ಗುಣ ಬಂತು. ನಮ್ಮ ಕಡೆ ವಸಂತ ಎಂಬುದು ಶಾಲೆಯ ಪಾಠದಲ್ಲಿ ಮಾತ್ರ ಇರುವ ಶಬ್ದ. ಶಿವರಾತ್ರಿ ದಾಟಿತೆಂದರೆ ಬಿಸಿಲು ಬಾಗಿಲಿಗೆ ಬಂದು ನಿಂತುಬಿಡುತ್ತದೆ. ಕರಿನೆಲ ಬಿರಿಯುತ್ತದೆ, ಮಧ್ಯಾಹ್ನ ನಾಯಿಗಳೂ ಓಡಾಡುವುದಿಲ್ಲ. ಕಾರವಾರದಲ್ಲಿ ಆ ವರ್ಷ ಮೊದಲ ಬಾರಿಗೆ ನಾನು ವಸಂತವನ್ನು ಕಣ್ಣಾರೆ ಕಂಡೆ. ಗೇರು ಮರಗಳ ಕೆಳಗೆ ಕೆಂಪು, ಹಳದಿ ಹಣ್ಣು ಉದುರಿ ಒಂದು ಬಗೆಯ ಹುಳಿಹುಳಿ ವಾಸನೆ ಓಣಿ ತುಂಬ ಇರುತ್ತಿತ್ತು. ಮಾವಿನ ಮಿಡಿ ಕೈಗೆಟುಕುವಷ್ಟು ಕೆಳಗೆ ಜೋತುಬಿದ್ದಿರುತ್ತಿತ್ತು. ಬೆಳಿಗ್ಗೆ ಪೇಟೆಯಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಸುರಂಗಿ ಮಾಲೆ ಮಾರುತ್ತಿದ್ದರು. ಹಳದಿ ಕೇಸರಗಳ ಸಣ್ಣ ಹೂವು, ನೋಡಲು ಅಂಥ ಚೆಂದವೇನಲ್ಲ, ಆದರೆ ಒಂದು ಮಾಲೆ ಮುಡಿದರೆ ಮರುದಿನ ದಿಂಬಿಗೂ ಪರಿಮಳ. ನಾನು ಒಂದು ಮಾಲೆ ಕೊಂಡು, ಮುಡಿಯದೆ ಕಿಟಕಿಯ ಮೊಳೆಗೆ ತೂಗು ಹಾಕಿದೆ. ಯಾರಿಗೆ ತೋರಿಸಲೆಂದು ಮುಡಿಯುವುದು ಎಂಬ ಯೋಚನೆ.

ರಜೆಯ ದಿನ ಬೆಳಿಗ್ಗೆ ಗಾಳಿಮರಗಳ ಸಾಲು ದಾಟಿ ಸಮುದ್ರದ ಕಡೆ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ದೋಣಿಗಳು ಬಂದು ಮರಳಿನ ಮೇಲೆ ಮೀನು ಸುರಿದು ಗದ್ದಲ ನಡೆದಿರುತ್ತಿತ್ತು. ನೀರು ತಿಳಿನೀಲಿ. ಗಾಳಿ ತಣ್ಣಗೆ. ಖುಷಿಯಾಗುತ್ತಿತ್ತು, ನಿಜ. ಆದರೆ ಒಬ್ಬಳೇ ಖುಷಿಯಾಗಿರುವುದು ಒಂದು ತರಹದ ಕಷ್ಟ. "ನೋಡಿಲ್ಲೆ" ಎಂದು ಪಕ್ಕದವರ ಮೊಣಕೈ ಮುಟ್ಟಲು ಕೈ ತಾನೇ ಏಳುತ್ತದೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹೋಳಿಯ ಆಸುಪಾಸಿನಲ್ಲಿ ಹೆಂಗಸರ ವಾರ್ಡಿಗೆ ಒಬ್ಬ ಮುದುಕಿಯನ್ನು ತಂದರು. ರಸ್ತೆ ಕೆಲಸದ ಕೂಲಿಗಳ ಜೊತೆ ಇದ್ದವಳು, ಜಲ್ಲಿಯ ರಾಶಿಯ ಮೇಲಿಂದ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಮೂಳೆ ನೆಟ್ಟಗೆ ಕೂಡಲೆಂದು ಕಾಲಿಗೆ ತೂಕ ಕಟ್ಟಿ ಮಲಗಿಸಿದರು. ಕರೆತಂದಿದ್ದ ಮಗ ಎರಡು ದಿನ ವರಾಂಡದಲ್ಲಿ ಮಲಗಿದ್ದು, ತಂಡ ಗೋವಾದ ಕಡೆ ಹೊರಟಿತೆಂದು ಅದರ ಹಿಂದೆ ಹೋದ. ಆಗ ನಾನು ಬೇರೆ ವಾರ್ಡಿನಲ್ಲಿದ್ದೆ. ಹಿರಿಯ ನರ್ಸ್ ಬಂದು, "ಆ ಅಜ್ಜಿ ಊಟ ಮಾಡ್ತಿಲ್ಲ. ಏನು ಹೇಳ್ತಾಳೋ ನಮಗೆ ತಿಳಿಯೂದಿಲ್ಲ. ನಿಮ್ಮ ಕಡೆಯವಳಿರಬೇಕು, ನೋಡು" ಎಂದರು.

ಹೋಗಿ ಮಂಚದ ಬಳಿ ನಿಂತೆ. ಹಣೆಯಲ್ಲಿ ಹಚ್ಚೆ, ಕೈತುಂಬ ಹಸಿರು ಬಳೆ, ಮುಖ ಗೋಡೆಯ ಕಡೆ.

"ಯಾಕ ಯವ್ವಾ, ಉಣವಲ್ಲೆಂತಲ್ಲ?" ಎಂದೆ.

ಆಕೆ ತಟ್ಟನೆ ತಿರುಗಿದಳು. ನನ್ನ ಬಿಳಿ ಬಟ್ಟೆಯನ್ನೂ ಮುಖವನ್ನೂ ನೋಡಿದಳು. "ಯಾವೂರಾಕಿ ಬೇ ನೀನು?"

"ಚೀಕಲಪರ್ವಿ. ಮಾನ್ವಿ ಹತ್ರ."

"ನಾ ದೇವದುರ್ಗದ ಕಡಿಯಾಕಿ." ಅಷ್ಟು ಹೇಳಿ ಆಕೆಗೆ ಅಳು ಬಂತು. ನಾನು ಚಾದರದ ಅಂಚು ಸರಿಮಾಡುತ್ತ ನಿಂತೆ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ರೊಟ್ಟಿ ಸಿಗಂಗಿಲ್ಲೇನವ್ವಾ ಇಲ್ಲಿ? ಮುಂಜಾನಿ ಅನ್ನ, ಸಂಜಿಕ ಅನ್ನ. ಎಷ್ಟು ಉಂಡರೂ ಹೊಟ್ಟಿ ತುಂಬವಲ್ದು."

ಆ ಸಂಜೆ ಊರಿನಿಂದ ತಂದಿದ್ದ ಜೋಳದ ಹಿಟ್ಟಿನಲ್ಲಿ ಉಳಿದಿದ್ದಷ್ಟನ್ನು ತಟ್ಟಿ ಒಯ್ದೆ. ಮರುದಿನ ಕೇಳಿಕೊಂಡು ನಾನು ಹೆಂಗಸರ ವಾರ್ಡಿಗೆ ಬದಲಾದೆ.

ಅಲ್ಲಿಂದ ಮುಂದೆ ನನ್ನ ವಸಂತಕ್ಕೆ ಒಬ್ಬಳು ಜೊತೆಯಾದಳು. ಅವಳು ಮಂಚ ಬಿಟ್ಟು ಏಳುವಂತಿರಲಿಲ್ಲ, ಹಾಗಾಗಿ ಹೊರಗಿನದನ್ನು ನಾನೇ ಒಳಗೆ ತರುತ್ತಿದ್ದೆ. ಒಂದು ದಿನ ಗೇರುಹಣ್ಣು. ಕಚ್ಚಿ, ಮುಖ ಹಿಂಡಿ, "ಗಂಟಲು ಹಿಡೀತದಲ್ಲವ್ವಾ" ಎಂದು, ಪೂರ್ತಿ ತಿಂದಳು. ಒಂದು ದಿನ ಸುರಂಗಿ. ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದಳು. ಆಮೇಲೆ ನನ್ನನ್ನು ಕುಳ್ಳಿರಿಸಿ ತಾನೇ ನನ್ನ ಜಡೆಗೆ ಮುಡಿಸಿದಳು. ಮಲಗಿದಲ್ಲಿಂದಲೇ ಕೈ ಚಾಚಿ ಮುಡಿಸಿದ್ದರಿಂದ ಮಾಲೆ ಓರೆಯಾಗಿತ್ತು. ನಾನು ಸರಿಮಾಡಿಕೊಳ್ಳದೆ ಹಾಗೆಯೇ ಮನೆಗೆ ಹೋದೆ. ಮನೆಯೊಡತಿ ನೋಡಿ ಮೊದಲ ಸಲ ನನ್ನೆದುರು ನಕ್ಕಳು.

ಒಂದು ಮಧ್ಯಾಹ್ನ ಮುದುಕಿ ಕೇಳಿದಳು, "ಅದು ಯಾವ ಮಿಲ್ಲವ್ವಾ?"

"ಯಾವ ಮಿಲ್ಲು?"

"ಕೇಳಸವಲ್ದೇನು? ಹಗಲಿ ರಾತ್ರಿ ಗರ್ರ್ ಅಂತದ. ಅರಳಿ ಹಿಂಜೂ ಮಿಲ್ಲೇನು? ರಾಯಚೂರಾಗ ಹತ್ತಿ ಬಿಡಸಾಕ ಹೋದಾಗ ಹಿಂಗ ಸಪ್ಪಳ ಇರ್ತಿತ್ತು. ಆದರ ಅವರು ಊಟಕ್ಕರೆ ಬಂದ್ ಮಾಡ್ತಿದ್ದರು. ಇವರು ಬಂದ್ ಮಾಡವಲ್ರು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ರಸ್ತೆ ದಾಟಿದರೆ ಸಮುದ್ರ. ಆಕೆಗೆ ಕೇಳುತ್ತಿದ್ದದ್ದು ತೆರೆಗಳು. ಇಷ್ಟು ದಿನ ಸಮುದ್ರದ ಮಗ್ಗುಲಲ್ಲೇ ಮಲಗಿದ್ದರೂ ಆಕೆ ಅದನ್ನು ಕಂಡಿರಲಿಲ್ಲ. ಬಂದದ್ದು ಲಾರಿಯ ಹಿಂದೆ ನೋವಿನಲ್ಲಿ ಕಣ್ಣು ಮುಚ್ಚಿಕೊಂಡು. "ಕಾಲು ನೆಟ್ಟಗಾಗಲಿ, ನಾ ಕರಕೊಂಡು ಹೋಗಿ ತೋರಸ್ತೀನಿ" ಎಂದೆ.

ಯುಗಾದಿ ಸಮೀಪಿಸಿದಾಗ ಆಕೆ ಬೇವಿಗೆ ಹಟ ಹಿಡಿದಳು. ನಮ್ಮ ಕಡೆ ಆ ದಿನ ಬೇವಿನ ಹೂವು, ಬೆಲ್ಲ, ಹುಣಸೆರಸ ಕೂಡಿಸಿ ಗಡಿಗೆಯಲ್ಲಿ ಪಾನಕದಂತೆ ಮಾಡುತ್ತೇವೆ. ಇಲ್ಲಿನ ಪೇಟೆಯಲ್ಲಿ ಬೇವಿನ ಎಲೆಯ ಕಟ್ಟು ಸಿಕ್ಕಿತು. ಹೂವು ಎಲ್ಲೂ ಇಲ್ಲ. "ಎಲಿ ಹಾಕಿ ಮಾಡಿದರ ಅದು ಕಷಾಯ ಆಕ್ಕದ" ಎಂದು ಮುದುಕಿ ಮುಖ ತಿರುಗಿಸಿದಳು. ಯುಗಾದಿಯ ಮುನ್ನಾದಿನ ನನಗೆ ರಜೆ ಇತ್ತು. ಬೆಳಿಗ್ಗೆ ಎದ್ದು ಬೇವಿನ ಮರ ಹುಡುಕುತ್ತ ಊರೆಲ್ಲ ಅಡ್ಡಾಡಿದೆ. ಆ ಊರಿನ ಓಣಿಗಳು, ಕೆಂಪು ಕಲ್ಲಿನ ಕಾಂಪೌಂಡುಗಳು, ಬಾವಿಕಟ್ಟೆಗಳು, ಹೂಬಿಟ್ಟ ದಾಸವಾಳಗಳು, ಎಲ್ಲವನ್ನೂ ನಾನು ಸರಿಯಾಗಿ ನೋಡಿದ್ದು ಆ ದಿನವೇ. ಎಲ್ಲಿ ನೋಡಿದರೂ ತೆಂಗು, ಹಲಸು, ಮಾವು.

ಬಿಸಿಲೇರಿದ ಮೇಲೆ ಪೊಲೀಸ್ ವಸತಿಯ ಹಿಂದಿನ ಸಾಲಿನಲ್ಲಿ ಒಂದು ಮರ ಕಂಡಿತು. ಸೊರಗಿದ ಮರ, ಆದರೆ ತುದಿಯಲ್ಲಿ ಬಿಳಿ ಹೂವು. ಆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಮುಸ್ಲಿಂ ಹೆಂಗಸೊಬ್ಬಳು ನನ್ನನ್ನು ನೋಡಿ, "ಕ್ಯಾ ಹೋನಾ?" ಎಂದಳು. ಮಾನ್ವಿಯಲ್ಲಿ ಓದುವಾಗ ಪಕ್ಕದ ಮನೆಯ ಹುಡುಗಿಯರ ಜೊತೆ ಕಲಿತಿದ್ದ ದಖನಿ ಉರ್ದು ನನ್ನ ಬಾಯಿಗೆ ತಾನಾಗಿ ಬಂತು. "ಯುಗಾದೀಕು ನೀಮ್ ಕೇ ಫೂಲಾಂ ಹೋನಾ" ಎಂದು ಬೇವಿನ ಹೂವು ಕೇಳಿದೆ. ಆಕೆ ಗುಲಬರ್ಗಾ ಕಡೆಯವಳು. ಗಂಡ ಕಾನ್‌ಸ್ಟೇಬಲ್, ವರ್ಗವಾಗಿ ಬಂದವನು. ಮರ ಅವರು ಹಚ್ಚಿದ್ದಲ್ಲ. ಹಿಂದೆ ಅಲ್ಲಿದ್ದ ಯಾರೋ ಬಯಲುಸೀಮೆಯವರು ಹಚ್ಚಿ ಹೋದದ್ದಂತೆ. ಆಕೆ ಗಳದಿಂದ ಕೊಂಬೆ ಬಗ್ಗಿಸಿದಳು, ನಾನು ಸೆರಗಿನಲ್ಲಿ ಹೂವು ಹಿಡಿದೆ. ಚಹಾ ಕುಡಿದು ಹೋಗೆಂದಳು. ಕುಡಿದೆ. ಮುಂದಿನ ವಾರ ಅವರಿಗೆ ಮತ್ತೆ ವರ್ಗವಂತೆ, ಒಳಗೆ ಸಾಮಾನು ಕಟ್ಟಿಟ್ಟಿದ್ದರು.

ಯುಗಾದಿಯ ದಿನ ವಾರ್ಡಿನಲ್ಲಿ ಎಲ್ಲರಿಗೂ ಒಂದೊಂದು ಗುಟುಕು ಬೇವು ಕೊಟ್ಟೆವು. ಮೀನುಗಾರ ಹೆಂಗಸರು ಮೂಗು ಮುರಿದು, ಸಿಹಿ ಎಂದು ಮತ್ತೆ ಕೇಳಿದರು. ಮುದುಕಿ ಮಂಚದ ಮೇಲೆ ಮಲಗಿದಲ್ಲಿಂದಲೇ ಮನೆಯ ಯಜಮಾನಿಯ ಹಾಗೆ, "ಆಕಿಗಿ ಇನ್ನಷ್ಟು ಹಾಕವ್ವಾ" ಎಂದು ಅಪ್ಪಣೆ ಮಾಡುತ್ತಿದ್ದಳು.

ಕಾಲಿನ ತೂಕ ಬಿಚ್ಚಿದ ಮೇಲೆ ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದಳು. ಡಾಕ್ಟರರನ್ನು ಕೇಳಿ ಒಂದು ಸಂಜೆ ಗಾಲಿಕುರ್ಚಿಯಲ್ಲಿ ಕೂರಿಸಿ ರಸ್ತೆ ದಾಟಿಸಿದೆ. ಗಾಳಿಮರಗಳ ಕೊನೆಗೆ ಕುರ್ಚಿ ನಿಲ್ಲಿಸಿದೆ. ಎದುರಿಗೆ ಇಡೀ ಸಮುದ್ರ. ಆಕೆ ಏನನ್ನಾದರೂ ಅನ್ನುತ್ತಾಳೆಂದು ಕಾದೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಆ ಕಡಿ ದಂಡಿ ಎಲ್ಲ್ಯದ?" ಎಂದಳು.

"ಇದಕ್ಕ ಕಾಣಂಗಿಲ್ಲ ಯವ್ವಾ. ಬಾಳ ದೂರ."

"ಹೊಳಿಗಿ ಆ ಕಡಿ ದಂಡಿ ಇರಬೇಕಲ್ಲ." ಆಕೆಯ ಊರಿರುವುದು ಕೃಷ್ಣೆಯ ಬದಿಗೆ, ತುಂಬು ಹೊಳೆಯಲ್ಲೂ ಆಚೆಯ ಗಿಡಮರ ಕಾಣುತ್ತವೆ. "ಅಂಜಿಕಿ ಬರ್ತದವ್ವಾ. ಹೊಳ್ಳಿಸಿ ಒಯ್ಯಿ ನನ್ನ."

ನನಗೆ ನಿರಾಸೆಯಾಯಿತು. ಆದರೂ ಕುರ್ಚಿಯನ್ನು ತಿರುಗಿಸಿದೆ. ಮರಳಿ ವಾರ್ಡಿಗೆ ಹೋಗುವ ಮನಸ್ಸಾಗಲಿಲ್ಲ. ಒಂದು ಆಟೋ ಕರೆದು, ಡ್ರೈವರನ ನೆರವಿನಿಂದ ಆಕೆಯನ್ನು ಎತ್ತಿ ಕೂರಿಸಿ, ಗಾಲಿಕುರ್ಚಿಯನ್ನು ಆಸ್ಪತ್ರೆಯ ಗೇಟಿನಲ್ಲಿ ಬಿಟ್ಟು, ಕೋಡಿಬಾಗಿಗೆ ಹೋದೆವು. ಅಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. ಆಗಿನ್ನೂ ಸೇತುವೆ ಇರಲಿಲ್ಲ. ಸದಾಶಿವಗಡಕ್ಕೆ ಮಂದಿ ಲಾಂಚಿನಲ್ಲಿ ದಾಟುತ್ತಿದ್ದರು. ಆಚೆ ದಂಡೆಯಲ್ಲಿ ಗುಡ್ಡ, ತೆಂಗು, ಬಿಳಿ ಗೋಡೆಯ ಒಂದೆರಡು ಮನೆ. ಆಕೆ ಆಟೋದಲ್ಲೇ ಕುಳಿತು ಉಸಿರು ಬಿಟ್ಟಳು.

"ಹಾಂ. ಇದು ನೀರು" ಎಂದಳು.

ಕತ್ತಲಾಗುವ ಮೊದಲಿನ ಆ ಹೊತ್ತನ್ನು ನಾನು ಮರೆತಿಲ್ಲ. ಲಾಂಚು ಹೋಗುತ್ತಿತ್ತು, ಬರುತ್ತಿತ್ತು. ಇಳಿಯುವವರನ್ನೆಲ್ಲ ಆಕೆ ಆಸಕ್ತಿಯಿಂದ ನೋಡಿದಳು. ಮದುಮಗಳಂತಿದ್ದ ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದು ಇಳಿದಾಗ, "ತೌರುಮನಿಗಿ ಬಂದಾಳ, ಮಾರಿ ನೋಡು ಹ್ಯಾಂಗ ಅದ" ಎಂದಳು. ಒಂದು ಗಳಿಗೆ ನನಗೆ ನಾನು ಎಲ್ಲಿದ್ದೇನೆಂಬುದೇ ಮರೆತುಹೋಯಿತು.

ಅದಾಗಿ ಕೆಲವು ದಿನಕ್ಕೆ ಮಗ ಬಂದ. ನಾನು ಮಧ್ಯಾಹ್ನದ ಪಾಳಿಗೆ ಹೋದಾಗ ಮಂಚ ಖಾಲಿ. ಹುಬ್ಬಳ್ಳಿ ಬಸ್ಸು ತಪ್ಪುತ್ತದೆಂದು ಮುಂಜಾನೆಯೇ ಕರೆದೊಯ್ದನಂತೆ. "ನಿನ್ನ ಕೇಳಿದಳು ಮಾರಾಯ್ತಿ, ಊರಿಗೆ ಬಾ ಅಂತ ಹೇಳಲಿಕ್ಕೆ ಹೇಳಿದಳು" ಎಂದರು ಹಿರಿಯ ನರ್ಸ್. ನಾನು ಚಾದರ ಬದಲಿಸಿದೆ. ದಿಂಬಿನಲ್ಲಿ ಇನ್ನೂ ಆಕೆಯ ತಲೆಯೆಣ್ಣೆಯ ವಾಸನೆ ಇತ್ತು.

ಮೇ ತಿಂಗಳಲ್ಲಿ ರಜೆ ಹಾಕಿ ಊರಿಗೆ ಹೋದೆ. ಅವ್ವನ ಹತ್ತಿರ ಇದ್ದು, ಒಂದು ದಿನ ರಾಯಚೂರಿಗೆ ಬಂದು ಅಲ್ಲಿಂದ ದೇವದುರ್ಗದ ಬಸ್ಸು ಹಿಡಿದೆ. ಅಲ್ಲಿ ಇಳಿದು, ಕೇಳುತ್ತ ಕೇಳುತ್ತ ಆಕೆಯ ಹಳ್ಳಿಗೆ ನಡೆದೆ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಒಂದು ಚಪ್ಪರದ ಕೆಳಗೆ ಹೆಂಗಸರ ಗುಂಪು ಬಿತ್ತನೆಗೆ ಶೇಂಗಾ ಸುಲಿಯುತ್ತಿತ್ತು. ನಡುವೆ ಆಕೆ, ಒಂದು ಕಾಲು ಚಾಚಿ ಕುಳಿತಿದ್ದಳು.

"ಅಯ್ಯ, ಬಾರವ್ವಾ" ಎಂದಳು. ಎದ್ದೇಳಲು ನೋಡಿದಳು, ನಾನು ಬೇಡವೆಂದೆ. "ದವಾಖಾನಿ ಅಕ್ಕಾರು. ಬಾಳ ಮಾಡ್ಯಾರ ನನಗ" ಎಂದು ಎಲ್ಲರಿಗೂ ಹೇಳಿದಳು. ಸೊಸೆ ಮಜ್ಜಿಗೆ ತಂದಳು. ಕಾಲು ಹೇಗಿದೆ ಎಂದೆ, ಮಳೆ ಮೋಡ ಕಂಡರೆ ನೋಯುತ್ತದೆ ಎಂದಳು. ಪಕ್ಕದವಳು, "ಸಮುದ್ರ ನೋಡಿ ಬಂದೀಯಂತಲ್ಲ, ಹ್ಯಾಂಗಿತ್ತಬೇ?" ಎಂದು ಕೆಣಕಿದಳು. "ಏನ ಇರ್ತದ, ನೀರು" ಎಂದು ಆಕೆ ಯಾರದೋ ಸೊಸೆಯ ಬಾಣಂತನದ ಸುದ್ದಿಗೆ ಹೊರಳಿದಳು. ಎಲ್ಲರೂ ನಕ್ಕರು. ನನಗೆ ಆ ಮಾತಿನ ಹಿಂದುಮುಂದು ತಿಳಿಯದೆ ನಾನೂ ಸ್ವಲ್ಪ ನಕ್ಕೆ. ನಮ್ಮದೇ ಮಾತು, ನಮ್ಮದೇ ಮಂದಿ. ಆದರೂ ಕಾರವಾರದ ವಾರ್ಡಿನಲ್ಲಿ ಇದ್ದ ಮುದುಕಿ ಅಲ್ಲಿರಲಿಲ್ಲ. ಅಲ್ಲಿ ಆಕೆಗೆ ನಾನೊಬ್ಬಳೇ ಇದ್ದೆ. ಇಲ್ಲಿ ಊರೇ ಇತ್ತು. ಅದರಲ್ಲಿ ಆಕೆಯ ತಪ್ಪೇನೂ ಇಲ್ಲ. ಮಜ್ಜಿಗೆ ಕುಡಿದು ಮುಗಿಸಿ ಲೋಟ ಕೆಳಗಿಟ್ಟೆ.

ಹೊರಟಾಗ ಊರುಗೋಲು ಹಿಡಿದು ಓಣಿಯ ಕೊನೆಯವರೆಗೆ ಬಂದಳು. "ಇನ್ನ ಅಲ್ಲೇ ಅದೀಯೇನು, ಒಬ್ಬಾಕಿನ?"

"ಹೂಂ."

"ನಮ್ಮ ಕಡಿಯವರು ಮತ್ಯಾರೂ ಬಂದಿಲ್ಲೇನು?"

"ಇಲ್ಲ ಯವ್ವಾ."

ಆಕೆ ಸೆರಗಿನಲ್ಲಿದ್ದ ಶೇಂಗಾ ಬೀಜವನ್ನು ನನ್ನ ಚೀಲಕ್ಕೆ ಸುರಿದು, ಚೀಲದ ಬಾಯಿಯನ್ನು ತಾನೇ ಕಟ್ಟಿದಳು. ರಸ್ತೆಗೆ ಬಂದು ತಿರುಗಿ ನೋಡಿದಾಗ ಮತ್ತೆ ಚಪ್ಪರದ ಕಡೆ ಹೋಗುತ್ತಿದ್ದಳು.

ನಾನು ಕಾರವಾರ ತಲುಪುವ ಹೊತ್ತಿಗೆ ಮೊದಲ ಮಳೆ ಆಗಿಹೋಗಿತ್ತು. ಗೇರುಹಣ್ಣಿನ ಕಾಲ ಮುಗಿದಿತ್ತು, ಪೇಟೆಯಲ್ಲಿ ಸುರಂಗಿಯ ಬುಟ್ಟಿಗಳಿರಲಿಲ್ಲ. ಮರುದಿನ ಕೆಲಸಕ್ಕೆ ಹೋದೆ. ಮುದುಕಿ ಮಲಗುತ್ತಿದ್ದ ಕಿಟಕಿಯ ಬಳಿಯ ಮಂಚದಲ್ಲಿ ಜ್ವರದ ಒಬ್ಬ ಮೀನುಗಾರ ಹೆಂಗಸು ಇದ್ದಳು. ಆಕೆ ಕೊಂಕಣಿಯಲ್ಲಿ ನೀರು ಕೇಳಿದಳು. ಯಾರನ್ನೂ ಕರೆಯದೆ ನನಗದು ತಿಳಿಯಿತು. ಲೋಟ ತುಂಬಿ ಕೊಟ್ಟೆ, ಕಿಟಕಿಯನ್ನು ಅರ್ಧ ಮುಚ್ಚಿದೆ, ಮುಂದಿನ ಮಂಚಕ್ಕೆ ಹೋದೆ.