ಹಿಡಿಜೋಳದ ಗಂಗಾರಾಮ ಕಾಕಾ

ನಿಪ್ಪಾಣಿಯಲ್ಲಿ ತಂಬಾಕು ದಾಸ್ತಾನಿಡುವ ವಖಾರಿಯ ಹಿಂಬದಿ ಈಗಷ್ಟೇ ಬೆಳಕು ಹರಿಯುತ್ತಿದೆ. ಗಂಗಾರಾಮ ಆವಳೆ ಗೋಡೆಗೆ ಬೆನ್ನು ಕೊಟ್ಟು, ಮಡಚಲಾಗದ ಬಲಗಾಲನ್ನು ನೆಟ್ಟಗೆ ಚಾಚಿ ಕುಳಿತಿದ್ದಾರೆ. ಎಡಗೈಯಲ್ಲಿ ದಬ್ಬಣ, ಹಲ್ಲಿನ ನಡುವೆ ಸುತಳಿ. ತೊಡೆಯ ಮೇಲೊಂದು ಹಳೆಯ ಗೋಣಿಚೀಲ, ಅದರ ಹೊಟ್ಟೆಗೆ ಹಸಿರು ಸೀರೆಯ ತೇಪೆ. ತಂಬಾಕಿನ ಘಾಟಿಗೆ ನಾನು ಒಂದೇ ಸಮನೆ ಸೀನುತ್ತೇನೆ.

"ಒಂದ ತಾಸು ಕುಂದರ್ರಿ ಸಾಹೇಬ್ರ, ಮೂಗಿಗೆ ರೂಢಿ ಆಗತೈತಿ," ಎನ್ನುತ್ತಾರೆ ತಲೆ ಎತ್ತದೆ. ಆಮೇಲೆ ತೇಪೆಯ ಚೀಲವನ್ನು ಪಕ್ಕಕ್ಕಿಟ್ಟು, "ಇದು ವಖಾರಿದಲ್ಲರಿ. ಕಡೀಕ ಮಾಡೂನು," ಎಂದು ಇನ್ನೊಂದನ್ನು ಎಳೆದುಕೊಳ್ಳುತ್ತಾರೆ.

ಅರವತ್ತಾರು ವರ್ಷದ ಇವರು ದಿನಕ್ಕೆ ನಲವತ್ತು ಚೀಲ ಹೊಲಿಯುತ್ತಾರೆ. ಮೊಣಕಾಲು ಗಟ್ಟಿಯಿದ್ದಾಗ ಅರವತ್ತು ಹೊಲಿಯುತ್ತಿದ್ದರಂತೆ. ಎಡಗೈಯವರಾದ್ದರಿಂದ ಊರಿನ ಉಳಿದವರ ಹೊಲಿಗೆ ಬಲಕ್ಕೆ ವಾಲಿದರೆ ಇವರದು ಎಡಕ್ಕೆ ವಾಲುತ್ತದೆ. ಯಾವ ಚೀಲ ತಮ್ಮದೆಂದು ಮಾರು ದೂರದಿಂದಲೇ ಹೇಳುತ್ತಾರೆ.

ಆದರೆ ನಾನು ಬಂದದ್ದು ಚೀಲಕ್ಕಾಗಿ ಅಲ್ಲ. ಊರಂಚಿನಲ್ಲಿ ಮೂವತ್ತನಾಲ್ಕು ಮನೆಗಳ ಒಂದು ಸಣ್ಣ ಕ್ರೈಸ್ತ ಸಭೆಯಿದೆ. ಪ್ರತಿ ಮನೆಯಲ್ಲೂ ಬೀಸಲು ಜೋಳ ತೆಗೆಯುವಾಗ ಮೊದಲ ಹಿಡಿ ಒಂದು ಗಡಿಗೆಗೆ ಬೀಳುತ್ತದೆ. ತಿಂಗಳಿಗೊಮ್ಮೆ ಆ ಹಿಡಿಜೋಳವನ್ನು ಒಟ್ಟು ಮಾಡಿ, ಒಲೆ ಹೊತ್ತದ ಮನೆಗಳಿಗೆ ನಸುಕಿನಲ್ಲಿ ಮುಟ್ಟಿಸುವುದು ಸಭಾಸೇವಕನ ಕೆಲಸ. ಜನ ಡೀಕನ್ ಎಂದೂ ಕರೆಯುತ್ತಾರೆ. ಇಪ್ಪತ್ತಾರು ವರ್ಷ ಅದನ್ನು ಮಾಡಿದವರು ಗಂಗಾರಾಮ. ಈಗ ಕಾಲು ಕೈಕೊಟ್ಟಿದೆ. ತಮ್ಮ ಜಾಗಕ್ಕೆ ಒಂದು ಹೆಸರು ಸೂಚಿಸಿ ಎಂದು ಪಾಸ್ಟರ್ ಕೇಳಿದ್ದರು.

ಎಂಥವರನ್ನು ಆರಿಸಬೇಕೆಂದು ಪ್ರಾರ್ಥನಾಲಯದ ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿದ್ದಾರೆ. ಕುಡಿಯಬಾರದು, ಆಸೆಬುರುಕ ಆಗಿರಬಾರದು, ಒಬ್ಬರ ಮುಂದೊಂದು ಇನ್ನೊಬ್ಬರ ಮುಂದೊಂದು ಆಡಬಾರದು, ಮನೆಯನ್ನು ನೆಟ್ಟಗೆ ನಡೆಸಿರಬೇಕು. ಈ ಪಟ್ಟಿ ಹಿಡಿದು ಹೊರಟರೆ ನಮ್ಮ ಪತ್ರಿಕೆಯ ಕಚೇರಿಯಲ್ಲಿ ಒಬ್ಬರೂ ಪಾಸಾಗುವುದಿಲ್ಲ. ನಾನಂತೂ ಮೊದಲ ಸಾಲಿಗೇ ಮನೆಗೆ.

"ಪಟ್ಟಿ ಬರೋಬ್ಬರಿ ಐತ್ರಿ," ಎನ್ನುತ್ತಾರೆ ಗಂಗಾರಾಮ. "ಆದ್ರ ಪಟ್ಟಿ ಹಿಡದ ಆರಿಸೇ ನಾ ತಪ್ಪ ಮಾಡೀನಿ."

ಅದು ಹನ್ನೊಂದು ವರ್ಷದ ಹಿಂದಿನ, ಎಂಬತ್ತೆರಡರ ಮಾತು. ತಮ್ಮ ಜೊತೆಗೊಬ್ಬ ಸಭಾಸೇವಕ ಬೇಕೆಂದು ಇವರೇ ಕಾಕಾಸಾಹೇಬ ಎಂಬವರ ಹೆಸರು ಕೊಟ್ಟರು. ಕಾಗದದಲ್ಲಿದ್ದ ಎಲ್ಲ ಗುಣವೂ ಇದ್ದ ಮನುಷ್ಯ, ಮೇಲೆ ಒಳ್ಳೆಯ ಕಂಠ. ಈಸ್ಟರ್ ದಿನ ಕಾಕಾಸಾಹೇಬ ತುಂಬಿದ ಸಭೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಕೊಗನೊಳ್ಳಿಯ ಸತ್ತೆವ್ವಳ ಮನೆಗೆ ನಮ್ಮ ಕೈಯಿಂದ ಜೋಳ ಮುಟ್ಟಿಸಿದೆಯಲ್ಲ, ದೇವರೇ, ನಿನಗೆ ಸ್ತೋತ್ರ ಎಂದರು. ಭಕ್ತಿಯಿಂದಲೇ ಆಡಿದ ಮಾತು. ಗಂಡ ಸತ್ತು ವರ್ಷವಾಗದ ಸತ್ತೆವ್ವ ಮೂರನೆಯ ಸಾಲಿನಲ್ಲಿ ಮಗಳ ಜೊತೆ ಕುಳಿತಿದ್ದಳು. ಮರುದಿನ ಶಾಲೆಯಲ್ಲಿ ಹುಡುಗರು ಆ ಮಗಳನ್ನು ಹಿಡಿಜೋಳ ಎಂದು ಕರೆದರು. ತಾಯಿ ಮತ್ತೆ ಸಭೆಗೆ ಬರಲಿಲ್ಲ, ಸಭೆಯ ಜೋಳವನ್ನೂ ಮುಟ್ಟಲಿಲ್ಲ.

ಗಂಗಾರಾಮ ಪ್ರತಿ ಕ್ರಿಸ್‌ಮಸ್‌ಗೆ ಬಸ್ಸು ಹತ್ತಿ ಕೊಗನೊಳ್ಳಿಗೆ ಹೋಗಿ ಅವಳ ಹೊಸ್ತಿಲ ಹೊರಗೆ ನಿಂತು ತಪ್ಪಾಯಿತೆಂದು ಹೇಳಿ ಬರುತ್ತಿದ್ದರು. ಅವಳು ಒಳಗೆ ಕರೆಯುತ್ತಿರಲಿಲ್ಲ.

ಈ ವರ್ಷ ಕಾಲಿನ ಮೇಲೆ ಭರವಸೆ ಇಲ್ಲದೆ ದೀಪಾವಳಿ ಮುಗಿದ ಕೂಡಲೇ ಹೋದರು. ಅವಳ ಮೆಟ್ಟಿಲ ಮೇಲೆಯೇ ಮೊಣಕಾಲು ಕುಸಿಯಿತು. ಸತ್ತೆವ್ವ ಹಿಡಿದೆತ್ತಿ ಒಳಗೆ ಕೂರಿಸಿ ನೀರು ಕೊಟ್ಟಳು. ಮೂಲೆಯಲ್ಲಿ ಬೀಡಿ ಎಲೆಯ ಚೀಲವಿತ್ತು. ಎಡಕ್ಕೆ ವಾಲಿದ ಹೊಲಿಗೆ, ಹಸಿರು ತೇಪೆ.

"ಅದು ನನ್ನ ಹೇಣ್ತಿ ಸೀರಿ ತುಂಡು. ತಾರವ್ವಗ ಎಲಿ ತರಾಕಂತ ನಾನ ಹೊಲದ ಕೊಟ್ಟಿದ್ದೆ. ಎಲಿ ಬುಡದಾಗಿಂದ ನಾಕ ಜೋಳದ ಕಾಳ ಉದರಿದ್ವು. ನಾ ಏನೂ ಕೇಳಲಿಲ್ರಿ."

ತಾರವ್ವ ಅದೇ ಸಭೆಯ ಬೀಡಿ ಕಟ್ಟುವ ವಿಧವೆ. ಗಂಗಾರಾಮ ಊರಿಗೆ ಮರಳಿ ಅವಳನ್ನು ಕೇಳಿದ್ದು ಇಷ್ಟೆ: "ನಾ ಕೊಟ್ಟ ಚೀಲ ಎಲ್ಲೈತವ್ವಾ?"

"ಬಳಕ್ಯಾಗ ಐತ್ರಿ ಕಾಕಾ," ಎಂದಳಂತೆ ತಾರವ್ವ. ಸುಳ್ಳೂ ಇಲ್ಲ, ಸುದ್ದಿಯೂ ಇಲ್ಲ.

ಡಿಸೆಂಬರಿನ ಮೊದಲ ರವಿವಾರ ಆಯ್ಕೆ. ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಚೀಲದ ಸಂಗತಿಯನ್ನು ಗಂಗಾರಾಮ ಅದಕ್ಕೂ ಮೊದಲೇ, ಬರೆಯಬಾರದೆಂಬ ಕರಾರಿನ ಮೇಲೆ, ನನಗೆ ಮಾತ್ರ ಹೇಳಿದ್ದರು. ಪಾಸ್ಟರ್ ತಾರವ್ವಳ ಹೆಸರು ಓದಿದ ಕೂಡಲೇ ಗುಸುಗುಸು ಎದ್ದಿತು. ಹೆಣ್ಣುಮಕ್ಕಳನ್ನು ಆರಿಸಬಾರದೆಂದು ಆ ಕಾಗದದಲ್ಲಿಲ್ಲ. ಈವರೆಗೆ ಯಾರೂ ಆರಿಸಿರಲಿಲ್ಲ, ಅಷ್ಟೆ. ಭರಮು ಎಂಬ ಹಿರಿಯರು ಎದ್ದರು. "ನಾಕ ಮಂದಿ ಮುಂದ ಪ್ರಾರ್ಥನಾ ಮಾಡಾಕ ಬರಂಗಿಲ್ಲ ಆಕಿಗಿ. ಏನ್ ನೋಡಿ ಹೆಸರ ಕೊಟ್ರಿ? ಕಾರಣ ಹೇಳ್ರಿ."

ಗಂಗಾರಾಮ ಗೋಡೆ ಹಿಡಿದು ನಿಂತರು. ಕಾರಣ ಹೇಳಿದರೆ ಸತ್ತೆವ್ವಳ ಹೆಸರು ಎರಡನೆಯ ಸಲ ಇದೇ ಛಾವಣಿಯ ಕೆಳಗೆ ಬೀಳುತ್ತದೆ. ಹೇಳದಿದ್ದರೆ ತಾರವ್ವಳ ಆಯ್ಕೆ ತಪ್ಪುತ್ತದೆ. "ಕಾರಣ ಐತಿ. ಹೇಳಾಕ ಬರಂಗಿಲ್ಲ," ಎಂದರು. ಮುದುಕನಿಗೆ ಅರಳುಮರಳು ಎಂದು ಯಾರೋ ನಕ್ಕರು. ತಾರವ್ವ ನೆಲ ನೋಡುತ್ತಿದ್ದಳು. ನನಗೆ ಎದ್ದು ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ಆ ಕಾಗದದಲ್ಲಿ ಬರೆಯದ ಗುಣದಲ್ಲೂ ನಾನು ಫೇಲು ಎಂದು ಆಗ ಗೊತ್ತಾಯಿತು.

"ನಾ ಹೇಳತೀನಿ."

ಬಾಗಿಲ ಬಳಿ ಚಪ್ಪಲಿ ಬಿಡುವಲ್ಲಿ ಸತ್ತೆವ್ವ ನಿಂತಿದ್ದಳು. ಆಯ್ಕೆಯ ಸುದ್ದಿ ಬೀಡಿ ಕಟ್ಟುವವರ ಬಾಯಿಂದ ಕೊಗನೊಳ್ಳಿಗೂ ಮುಟ್ಟಿತ್ತಂತೆ. "ಹನ್ನೊಂದ ವರ್ಷ ಎಲಿ ಬುಡಕ ಜೋಳ ಇಟ್ಟ ತಂದಾಳ, ತನ್ನ ಪಾಲಿಂದು. ಮಂದಿ ಎಲಿ ಅಂತ ತಿಳದ್ರು. ನನ್ನ ಮಗಳಿಗಿ ಸುದ್ದಾ ಗೊತ್ತಿಲ್ಲ. ನನ್ನ ಮಾತ ನಾ ಹೇಳೀನಿ, ಮತ್ತೊಬ್ರ ಹೇಳೂದ ಬ್ಯಾಡ."

ಮೊದಲು ಎದ್ದ ಕೈ ಕಾಕಾಸಾಹೇಬರದು. ಅವರು ಅಳುತ್ತಿದ್ದರು. ಮುಂದಿನದು ಭರಮು ಅವರದು. ಸತ್ತೆವ್ವ ಹೋಗಿ ಮೂರನೆಯ ಸಾಲಿನಲ್ಲಿ ಕುಳಿತಳು. ಹೆಸರು ಹಾಕಿಯೇ ಬರೆಯಿರಿ ಎಂದು ಆಮೇಲೆ ನನಗೆ ಹೇಳಿದವಳೂ ಅವಳೇ.

ವಖಾರಿಯ ಬಿಸಿಲು ಈಗ ಗಂಗಾರಾಮರ ಪಾದಕ್ಕೆ ಬಂದಿದೆ. ಇನ್ನೇನು ಆಸೆಯಿದೆ ಎಂದು ಕೇಳುತ್ತೇನೆ.

"ಈ ಚೀಲ ಸಂಜಿ ಒಳಗ ಮುಗಿಸಬೇಕ್ರಿ. ನಾಳೆ ನಸಕಿನ್ಯಾಗ ತಾರವ್ವ ಒಯ್ತಾಳ."

ಹಸಿರು ತೇಪೆಯ ಚೀಲವನ್ನು ತೊಡೆಗೆ ಎಳೆದುಕೊಂಡು ಮಗುಚುತ್ತಾರೆ. ತಳ ಸವೆದು ಕಿತ್ತುಹೋಗಿದೆ. ತೇಪೆಯ ಅಂಚಿನಲ್ಲಿ ಹೆಬ್ಬೆರಳು ಆಡಿಸಿ, ನೋಡಲಿ ಎಂದು ನನ್ನ ಕಡೆ ಹಿಡಿಯುತ್ತಾರೆ.

"ಗೋಣಿ ಹರದೈತಿ. ಹೊಲಿಗಿ ಹಂಗ ಐತಿ ನೋಡ್ರಿ."